ಪುಟ್ಟನ ವೈಡಾಲ್ ರಿಪೋರ್ಟ್ ಬಗ್ಗೆ

ಅತ್ತೆ, ಪುಟ್ಟನ ರಿಪೋರ್ಟಿನ ಫೋಟೋ ಈಗ ನೋಡಿದೆ. ಡ್ಯೂಟಿಯಲ್ಲಿದ್ದೆ, ಅದಕ್ಕೇ ತಡವಾಯಿತು. ಟಿಓ 1:80, ಟಿಎಚ್ 1:80 ಅಂತ ಬಂದಿದೆ (ಟೈಫಾಯ್ಡ್ ಬ್ಯಾಕ್ಟೀರಿಯಾದ ಎರಡು ಭಾಗಗಳಿಗೆ ಬೇರೆ ಬೇರೆಯಾಗಿ ನೋಡುವ ಅಳತೆ ಅವು), ಟೈಫಾಯ್ಡೇ ಅಲ್ವಾ ಅಂತ ಕೇಳಿದ್ದೀರಿ. ಇಷ್ಟು ನೋಡಿ ಹಾಗೆ ಹೇಳಲು ಬರುವುದಿಲ್ಲ ಅತ್ತೆ.

ಈ ವೈಡಾಲ್ ಟೆಸ್ಟ್ ನಾನು ಲ್ಯಾಬಿನಲ್ಲಿ ದಿನಾ ಮಾಡುತ್ತೇನೆ. ರಕ್ತ ಹೆಪ್ಪುಗಟ್ಟಿದ ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದಲ್ಲ, ಅದೇ ಸೀರಮ್. ಅದನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿ, ಸತ್ತ ಟೈಫಾಯ್ಡ್ ಬ್ಯಾಕ್ಟೀರಿಯಾ ಇರುವ ಒಂದು ಹನಿ ಸೇರಿಸಿ, ಕೈಯಲ್ಲೇ ಒಂದು ನಿಮಿಷ ಅತ್ತಿತ್ತ ಆಡಿಸುತ್ತೇವೆ. ಆಂಟಿಬಾಡಿ, ಅಂದರೆ ರೋಗಾಣುವಿನ ವಿರುದ್ಧ ದೇಹವೇ ತಯಾರಿಸುವ ವಸ್ತು, ರಕ್ತದಲ್ಲಿ ಇದ್ದರೆ ಹಾಲು ಒಡೆದ ಹಾಗೆ ಸಣ್ಣ ಸಣ್ಣ ಕಾಳು ಕಾಣಿಸುತ್ತದೆ. ಆಮೇಲೆ ಸೀರಮ್ ಕಮ್ಮಿ ಮಾಡುತ್ತಾ ಹೋಗುತ್ತೇವೆ: 1:20, 1:40, 1:80, 1:160. ಕಾಳು ಕೊನೆಯ ಸಲ ಎಲ್ಲಿ ಕಂಡಿತೋ ಅದೇ ರಿಪೋರ್ಟಿನ ನಂಬರ್. 80 ಪಟ್ಟು ತೆಳು ಮಾಡಿದರೂ ಕಾಳು ಕಟ್ಟಿತು, ಅಷ್ಟೇ.

ನಮ್ಮ ಕಡೆ ಆರೋಗ್ಯವಾಗಿ ಓಡಾಡುವವರಲ್ಲೂ 1:80 ಸಿಗುತ್ತದೆ. ಹಿಂದೆ ಟೈಫಾಯ್ಡ್ ಬಂದಿದ್ದರೆ, ಲಸಿಕೆ ಹಾಕಿಸಿದ್ದರೆ, ಬೇರೆ ಜ್ವರ ಇದ್ದರೂ ಬರಬಹುದು. ಇನ್ನೊಂದು ಮಾತು, ಪುಟ್ಟನಿಗೆ ಜ್ವರ ಶುರುವಾಗಿ ಮೂರೇ ದಿನ ಅಂದಿರಿ. ಟೈಫಾಯ್ಡ್ ಆಗಿದ್ದರೂ ಆಂಟಿಬಾಡಿ ಏರೋಕೆ ಹೆಚ್ಚುಕಮ್ಮಿ ಒಂದು ವಾರ ಬೇಕು. ಹಾಗಾಗಿ ಇವತ್ತಿನ ನಂಬರ್ ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ವಾರ ಹತ್ತು ದಿನ ಬಿಟ್ಟು ಮಾಡಿದಾಗ 80 ಇದ್ದದ್ದು 320ಕ್ಕೆ ಏರಿದ್ದರೆ ಅದಕ್ಕೆ ಬೆಲೆ ಇದೆ. ಆದರೆ ಮಗು ಜ್ವರದಲ್ಲಿರುವಾಗ ಅಷ್ಟು ದಿನ ಯಾರು ಕಾಯುತ್ತಾರೆ?

ಈಗ ಬೇಕಾಗಿರುವುದು ಬ್ಲಡ್ ಕಲ್ಚರ್. ಅದರಲ್ಲಿ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡುತ್ತಾರೆ, ಯಾವ ಔಷಧಿಗೆ ಬಗ್ಗುತ್ತದೆ ಅಂತಲೂ ಗೊತ್ತಾಗುತ್ತದೆ. ಮೊದಲ ವಾರದಲ್ಲೇ ಅದು ಸಿಗುವ ಸಾಧ್ಯತೆ ಜಾಸ್ತಿ. ಚಿಕ್ಕಪ್ಪ, ಹೋದ ವರ್ಷ ಉಳಿದ ಆಂಟಿಬಯಾಟಿಕ್ ಮಾತ್ರೆ ಕೊಡಿ ಅಂತ ನೀವು ಪ್ರೀತಿಯಿಂದಲೇ ಹೇಳಿದ್ದೀರಿ, ಆದರೆ ದಯವಿಟ್ಟು ಬೇಡ. ಮಾತ್ರೆ ಒಳಗೆ ಹೋದ ಮೇಲೆ ರಕ್ತ ತೆಗೆದರೆ ಬ್ಯಾಕ್ಟೀರಿಯಾ ಇದ್ದರೂ ಬೆಳೆಯದೆ ಹೋಗಬಹುದು.

ಅತ್ತೆ, ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ ಕಲ್ಚರ್ ಬಗ್ಗೆ ಕೇಳಿ. ಮಳೆಗಾಲ ಬೇರೆ, ಡೆಂಗ್ಯೂ ಟೆಸ್ಟ್ ಬೇಕಾ ಅಂತಲೂ ಕೇಳಿ. ಜ್ವರ ಯಾವತ್ತು ಶುರುವಾಯಿತು ಅಂತ ಮರೆಯದೆ ಹೇಳಿ. ರಾತ್ರಿ ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಟುಬಿಡಿ. ನನಗೂ ಫೋನ್ ಮಾಡಿ, ಎದ್ದೇ ಇರುತ್ತೇನೆ.