ಆಫ್ರಿಕನ್ ಬಸವನಹುಳು ಕಾಟ: ಉಪ್ಪಾ, ಗುಳಿಗೆಯಾ, ಬಾತುಕೋಳಿಯಾ? ಅನುಭವ ಇದ್ದವರು ಹೇಳಿ

ಬ್ರಹ್ಮಾವರ ಹಿತ್ತಿಲು:
ನಮ್ಮದು ಬ್ರಹ್ಮಾವರದ ಹತ್ತಿರ 35 ಸೆಂಟ್ಸ್ ಜಾಗ. ಹೋದ ವರ್ಷ ಒಂದು ಲೋಡ್ ಮಣ್ಣು ಹಾಕಿಸಿದ ಮೇಲೆ ಈ ದೊಡ್ಡ ಬಸವನಹುಳು ಶುರುವಾಗಿದೆ. ಬಸಳೆ ಚಪ್ಪರದಲ್ಲಿ ದಂಟು ಬಿಟ್ಟರೆ ಏನೂ ಉಳಿದಿಲ್ಲ. ಪಪ್ಪಾಯಿ ಸಸಿ ಆರು ಹೋದವು. ಮನೆಯಲ್ಲಿ ನಾಯಿ ಉಂಟು, ನಾಲ್ಕು ವರ್ಷದ ಮಗು ಉಂಟು, ಬಾವಿ ಹಿತ್ತಿಲಿನ ಮಧ್ಯದಲ್ಲೇ ಉಂಟು. ಅಡಿಕೆ ಇಲ್ಲ. ಎಂತ ಮಾಡಿದರೆ ಒಳ್ಳೆಯದು?

ಬೆಳ್ಮಣ್ ಅಡಿಕೆ:
ಮೆಟಾಲ್ಡಿಹೈಡ್ ಗುಳಿಗೆ ಹಾಕಿ, ಬಸವನಹುಳುವಿಗೆ ಇಡುವ ವಿಷ ಅದು. ಬೇರೆ ಯಾವುದರಲ್ಲೂ ಸಮಯ ಹಾಳು ಮಾಡಬೇಡಿ. ನಮ್ಮದು ಎರಡು ಎಕರೆ ಅಡಿಕೆ. 2022ರ ಮಳೆಗಾಲದಲ್ಲಿ ಹುಳು ಮರ ಹತ್ತಿ ಹಿಂಗಾರಕ್ಕೇ (ಅಡಿಕೆಯ ಹೂಗೊನೆಗೇ) ಬಾಯಿ ಹಾಕಿತ್ತು. ಐದು ಕೆಜಿ ಗುಳಿಗೆ ತಂದೆ, ಕೆಜಿಗೆ 520. ಹಾಕಿದ ರಾತ್ರಿಯೇ ಮಳೆ. ಬೆಳಿಗ್ಗೆ ನೋಡಿದರೆ ಎಲ್ಲ ಹಿಟ್ಟಾಗಿ ಕಣಿಯಲ್ಲಿ ಹರಿದು ಹೋಗಿತ್ತು. 2,600 ರೂಪಾಯಿ ಒಂದೇ ರಾತ್ರಿಯಲ್ಲಿ ಹೋಯಿತು.

ಆಮೇಲೆ ಅಡಿಕೆ ಹಾಳೆ ಬಗ್ಗಿಸಿ, ಎರಡು ಕಡೆ ಕಡ್ಡಿ ಚುಚ್ಚಿ, ಮನೆಯ ಮಾಡಿನ ಹಾಗೆ ನಿಲ್ಲಿಸಿದೆ. ಅದರ ಅಡಿಯಲ್ಲಿ ಒಂದೊಂದು ಚಿಟಿಕೆ ಗುಳಿಗೆ. ತೋಟಕ್ಕೆ 140 ಹಾಳೆ. ಮೂರನೇ ದಿನ ಐದು ಬಕೆಟ್ ಹುಳು ಸಿಕ್ಕಿತು. ಹಾಳೆ ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಯೋಚಿಸಿ ಮಾಡಿದ್ದು. ಮರದ ಬುಡಕ್ಕೆ ಎರಡಡಿ ಎತ್ತರಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣ ಕಲಸಿದ್ದು) ಬಳಿದೆ, ತಾಮ್ರ ಇರುವಲ್ಲಿ ಹುಳು ಹತ್ತುವುದಿಲ್ಲ. ಲೆಕ್ಕ ಬರೆದಿಟ್ಟಿದ್ದೇನೆ: ಗುಳಿಗೆ ಒಟ್ಟು 13 ಕೆಜಿ, 6,760. ಆಳು ನಾಲ್ಕು ದಿನ, 3,000. ಮೈಲುತುತ್ತು, ಸುಣ್ಣ 1,450. ಒಟ್ಟು 11,210. ಆ ವರ್ಷದ ಫಸಲು ಉಳಿಯಿತು.

ಶಂಕರಪುರ ಮಲ್ಲಿಗೆ:
ಅಣ್ಣ, ಇಷ್ಟು ಉದ್ದ ಬರೆದಿರಿ, ನಾಯಿಯ ವಿಷಯ ಒಂದು ಸಾಲು ಬರೆಯಬಾರದಿತ್ತಾ? ಅವರು ಕೇಳುವಾಗಲೇ ನಾಯಿ ಉಂಟು ಅಂತ ಹೇಳಿದ್ದಾರೆ.

ನಾನೂ ಗುಳಿಗೆ ಹಾಕಿದವಳೇ. ಹುಳು ತಿನ್ನಲಿ ಅಂತ ಅದನ್ನು ತೌಡಿನ ಹಾಗೆ ರುಚಿಯಾಗಿಯೇ ಮಾಡಿರುತ್ತಾರೆ. ನಾಯಿಗೂ ಅದು ರುಚಿಯೇ. ನಮ್ಮ ನಾಯಿ ಕಾಳು ಸಂಜೆ ಐದಕ್ಕೆ ತಿಂದದ್ದು. ಆರಕ್ಕೆ ನಡುಕ ಶುರು, ಬಾಯಲ್ಲಿ ನೊರೆ, ಮೈ ಮುಟ್ಟಿದರೆ ಕಾದ ಕಾವಲಿ. ಡಾಕ್ಟರು ಬರುವಾಗ ಎಂಟು ಗಂಟೆ. ಒಂಬತ್ತೂವರೆಗೆ ಹೋಯಿತು. ಏಳು ವರ್ಷ ನಮ್ಮ ಜೊತೆ ಇದ್ದ ನಾಯಿ. ಉಳಿದ ಗುಳಿಗೆ ಪ್ಯಾಕೆಟ್ ಇವತ್ತಿಗೂ ನನ್ನ ಕೈಯಿಂದ ಮುಟ್ಟಿಲ್ಲ.

ಆಮೇಲೆ ನಾನು ಹೆಕ್ಕಲು ಶುರು ಮಾಡಿದೆ. ಕೈಗೆ ಗ್ಲೌಸ್, ಹಣೆಗೆ ಟಾರ್ಚ್, ಒಂದು ಬಕೆಟ್ ಗಟ್ಟಿ ಉಪ್ಪುನೀರು. ಸಂಜೆಯೇ ಗೋಣಿಚೀಲ ಒದ್ದೆ ಮಾಡಿ, ಒಳಗೆ ಪಪ್ಪಾಯಿ ಎಲೆ ಇಟ್ಟು ಮಲ್ಲಿಗೆ ಸಾಲಿನ ಮಧ್ಯ ಹಾಸುವುದು. ರಾತ್ರಿ ಎಂಟೂವರೆಗೆ ಹೋದರೆ ಎಲ್ಲ ಅದರ ಅಡಿಯಲ್ಲೇ ಸೇರಿರುತ್ತವೆ. ಪುಸ್ತಕದಲ್ಲಿ ಬರೆದಿದ್ದೇನೆ. ಜೂನ್ 9: 412. ಜೂನ್ 10: 388. ಜೂನ್ 11ಕ್ಕೆ ಜ್ವರ, ಹೋಗಲಿಲ್ಲ. ಜೂನ್ 12: 530, ಒಂದು ದಿನ ಬಿಟ್ಟದ್ದಕ್ಕೆ. ಆಟಿ (ತುಳು ತಿಂಗಳು, ಜುಲೈ–ಆಗಸ್ಟ್) ಮುಗಿಯುವಾಗ ದಿನಕ್ಕೆ ನಲವತ್ತಕ್ಕೆ ಇಳಿಯಿತು. 61 ರಾತ್ರಿಗೆ ಒಟ್ಟು 6,847. ಮರುವರ್ಷ ಮೊದಲ ರಾತ್ರಿ ಬರೀ 96. ಖರ್ಚು ಗ್ಲೌಸಿಗೆ 180, ಉಪ್ಪಿಗೆ 220.

ಬೆಳ್ಮಣ್ ಅಡಿಕೆ:
ಅಕ್ಕ, ನಿಮ್ಮ ನಾಯಿ ಹೋದದ್ದಕ್ಕೆ ಬೇಸರ ಉಂಟು. ಆದರೆ ಗುಳಿಗೆ ಹಾಕಿದ ಮೇಲೆ ನಾಯಿ ಕಟ್ಟಿಹಾಕುವುದು ಮನೆಯವರ ಕೆಲಸ, ಪ್ಯಾಕೆಟ್ ಮೇಲೆಯೇ ಬರೆದಿರುತ್ತದೆ. ನಿಮ್ಮದು ಹತ್ತು ಸೆಂಟ್ಸ್ ಮಲ್ಲಿಗೆ. ಎರಡು ಎಕರೆಯಲ್ಲಿ ರಾತ್ರಿ ಟಾರ್ಚ್ ಹಿಡಿದು ಹೆಕ್ಕಲು ಬರುವ ಆಳು ಯಾರು? ಮಗ ಬೆಂಗಳೂರಿನಲ್ಲಿ, ನನಗೆ 64.

ಶಂಕರಪುರ ಮಲ್ಲಿಗೆ:
ಅವರದ್ದು ಎರಡು ಎಕರೆ ಅಲ್ಲ, 35 ಸೆಂಟ್ಸ್. ಓದಿ ಬರೆಯಿರಿ.

ಹೆಬ್ರಿ ಸಸಿ:
ಉಪ್ಪು ಬಕೆಟಿನಲ್ಲಿ ಸರಿ. ಮಣ್ಣಿಗೆ ಮಾತ್ರ ಬೇಡ, ದಯವಿಟ್ಟು ಬೇಡ. ನಾನು ಹಾಕಿದೆ. ಕಲ್ಲುಪ್ಪು 50 ಕೆಜಿಯ ಮೂರು ಚೀಲ. ಹುಳು ನೊರೆ ಬಿಟ್ಟು ಸತ್ತದ್ದು ನೋಡಿ ಖುಷಿಯಾಯಿತು, ಇನ್ನೂ ಒಂದು ಸುತ್ತು ಎರಚಿದೆ. ಹದಿನೈದು ದಿನದಲ್ಲಿ ಅಡಿಕೆ ಸಸಿಯ ಎಲೆ ತುದಿ ಸುಟ್ಟ ಹಾಗಾಯಿತು. 85 ಸಸಿ, ಎರಡು ವರ್ಷ ಸಾಕಿದ್ದು. 71 ಹೋದವು. ಎರೆಹುಳು ಮೇಲೆ ಬಂದು ಸತ್ತು ಬಿದ್ದಿದ್ದವು. ಬಸವನಹುಳು ಮಾತ್ರ ಸೆಪ್ಟೆಂಬರಿಗೆ ವಾಪಸು. ಮೊಟ್ಟೆ ಮಣ್ಣಿನ ಒಳಗೆ ಇತ್ತು, ಉಪ್ಪು ಮೇಲೆ ಇತ್ತು. ಸಾಬಕ್ಕಿಯ ಹಾಗೆ ಇರುತ್ತದೆ, ತುಸು ಹಳದಿ. ಒಂದೊಂದು ಗುಂಪಿನಲ್ಲಿ ಇನ್ನೂರು ಮುನ್ನೂರು. ಇದರಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇಲ್ಲ, ಎಲ್ಲವೂ ಮೊಟ್ಟೆ ಇಡುತ್ತವೆ.

ಪಡುಬಿದ್ರಿ ಬಾತು:
ಬಾತುಕೋಳಿ ಬಗ್ಗೆ ಕೇಳಿದ್ದಾರೆ, ಒಬ್ಬರೂ ಉತ್ತರ ಕೊಡಲಿಲ್ಲ. ನಾನು 20 ಬಾತು ತಂದೆ. ತಲಾ 350, ಒಟ್ಟು 7,000. ಗೂಡು, ಬಲೆ 6,200. ಎರಡನೇ ವಾರ ನರಿ ಬಂದು ಒಂದೇ ರಾತ್ರಿ ಏಳು ಕೊಂಡುಹೋಯಿತು. ಬಾಗಿಲಿನ ಚಿಲಕ ಸರಿ ಬಿದ್ದಿರಲಿಲ್ಲ. ಮುಂಗುಸಿ ಮೊಟ್ಟೆ ಬಿಡುವುದಿಲ್ಲ. ಈಗ ಒಂಬತ್ತು ಉಂಟು. ಆದರೂ ನಾನು ಬಾತು ಬಿಡುವುದಿಲ್ಲ. ರೂಪಾಯಿ ನಾಣ್ಯದಷ್ಟು ಸಣ್ಣ ಹುಳು ಒಂದನ್ನೂ ಉಳಿಸುವುದಿಲ್ಲ. ದೊಡ್ಡದಕ್ಕೆ ಕೊಕ್ಕು ಹಾಕಿ ಬಿಟ್ಟುಬಿಡುತ್ತವೆ, ಅದನ್ನು ನಾವೇ ಹೆಕ್ಕಬೇಕು. ಕೆಂಬೂತ, ನಮ್ಮಲ್ಲಿ ಕುಪ್ಪುಳು ಅನ್ನುತ್ತಾರಲ್ಲ, ಅದೂ ತಿನ್ನುತ್ತದೆ. ಪೊದೆ ಎಲ್ಲ ಸವರಿದರೆ ಅದು ಬರುವುದಿಲ್ಲ.

ಕಿನ್ನಿಗೋಳಿ ಮನೆ:
ಎಲ್ಲರೂ ಕೊಲ್ಲುವುದನ್ನೇ ಹೇಳುತ್ತೀರಿ. ಹೆಸರಿನಲ್ಲೇ ಬಸವ ಉಂಟು. ನಾನು ಕೊಂದಿಲ್ಲ. ಗೋಣಿಯಲ್ಲಿ ತುಂಬಿಸಿ ತೋಡಿಗೆ (ಹಳ್ಳಕ್ಕೆ) ಬಿಡುತ್ತೇನೆ. ಹೋದ ಮಳೆಗಾಲ 14 ಗೋಣಿ. ತೋಟ ಸ್ವಚ್ಛ ಉಂಟು. ನಮ್ಮ ಅಜ್ಜಿಯ ಕಾಲದಿಂದಲೂ ನರ್ತೆ ಎಂಬ ಬಸವನಹುಳು ಇಲ್ಲಿ ಉಂಟು, ಈಗ ಎಂತ ಹೊಸತು?

ಹಳೆಯಂಗಡಿ ಗದ್ದೆ:
14 ಗೋಣಿ ತೋಡಿಗಾ? ತೋಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತುಂಟಾ ನಿಮಗೆ? ಕೆಳಗೆ ನಾವಿದ್ದೇವೆ. ಇದು ನೀರಿಗೆ ಬಿದ್ದ ಕೂಡಲೇ ಸಾಯುವುದಿಲ್ಲ. ಕಸ, ತೆಂಗಿನ ಸಿಪ್ಪೆ ಹಿಡಿದುಕೊಂಡು ದಡ ಸೇರುತ್ತದೆ. 2019ರ ತನಕ ನಮ್ಮ ಬದಿಯಲ್ಲಿ ಒಂದೂ ಇರಲಿಲ್ಲ. ನೆರೆ ಇಳಿದ ಮೇಲೆ ತೋಡಿನ ಬದಿಯ ಕಲ್ಲಿನ ಗೋಡೆಯಿಡೀ ಇದೇ. ಸೌತೆ ಬಳ್ಳಿ ಎರಡು ಸಲ ಹಾಕಿದೆ, ಎರಡೂ ಸಲ ಚಿಗುರಿನಲ್ಲೇ ಹೋಯಿತು. ಬೀಜಕ್ಕೆ 900, ಗೊಬ್ಬರಕ್ಕೆ 2,400.

ನರ್ತೆ ಬೇರೆ, ಇದು ಬೇರೆ. ನರ್ತೆ ಗದ್ದೆ ನೀರಿನದ್ದು, ಉರುಟು, ಬಾಯಿಗೆ ಮುಚ್ಚಳ ಉಂಟು. ಇದು ನೆಲದ್ದು, ಉದ್ದ ಮೊನೆ, ಮುಚ್ಚಳ ಇಲ್ಲ. ಮೂಲ ಪೂರ್ವ ಆಫ್ರಿಕಾ. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಶಂಖತಜ್ಞ ಮಾರಿಷಸ್‌ನಿಂದ ತಂದು ಕಲ್ಕತ್ತಾದ ತೋಟದಲ್ಲಿ ಬಿಟ್ಟದ್ದು. ಅಲ್ಲಿಂದ ದೇಶ ಇಡೀ ಹಬ್ಬಿತು. ಒಬ್ಬ ಬಿಟ್ಟದ್ದಕ್ಕೆ ಹೀಗಾಯಿತು. ನೀವು ಈಗ 14 ಗೋಣಿ ಬಿಟ್ಟಿದ್ದೀರಿ.

ಕಿನ್ನಿಗೋಳಿ ಮನೆ:
ನಿಮ್ಮ ಗದ್ದೆಗೆ ನನ್ನ ಹುಳುವೇ ಬಂದದ್ದು ಅಂತ ಎಂತ ಸಾಕ್ಷಿ? ನಾನು ಬಿಡಲು ಶುರು ಮಾಡಿದ್ದೇ ಮೂರು ವರ್ಷ ಹಿಂದೆ.

ಹಳೆಯಂಗಡಿ ಗದ್ದೆ:
ಹಾಗಾದರೆ ಮೂರು ವರ್ಷದ ಗೋಣಿ ಲೆಕ್ಕ ಈಗ ಹೇಳಿ. ಒಂದು ವರ್ಷದ್ದೇ 14 ಅಂದಿರಿ.

ಸುರತ್ಕಲ್ ಕೆರೆ:
ಜಗಳ ಸಾಕು ಮಾರಾಯ್ರೆ. ನರ್ತೆ ಸುಕ್ಕ ಮಾಡಿ ತಿನ್ನುವ ಊರು ನಮ್ಮದು. ಇದನ್ನೂ ತಿನ್ನಬಹುದಲ್ವಾ? ಇಲ್ಲದಿದ್ದರೆ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಿ, ಜಜ್ಜಿ ಹಾಕಿದರೆ ಅದು ತಿನ್ನುತ್ತದೆ. ನನ್ನ ಹತ್ತಿರ ಮರಿ ಉಂಟು.

ಶಂಕರಪುರ ಮಲ್ಲಿಗೆ:
ತಿನ್ನುವ ಮಾತು ಬೇಡ. ಬರಿಗೈಯಲ್ಲಿ ಮುಟ್ಟುವುದೂ ಬೇಡ. ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಹುಳ ಉಂಟು. ಇಲಿಯ ಹಿಕ್ಕೆಯಿಂದ ಬಸವನಹುಳುವಿಗೆ ಬರುತ್ತದೆ. ಅಲ್ಲಿಂದ ಮನುಷ್ಯರ ಹೊಟ್ಟೆಗೆ ಹೋದರೆ ಮೆದುಳಿನ ಪೊರೆಗೆ ಉರಿಯೂತ ತರುತ್ತದೆ. ಬ್ರಹ್ಮಾವರದವರೇ, ನಿಮ್ಮಲ್ಲಿ ಸಣ್ಣ ಮಗು ಉಂಟು. ಬಸಳೆ ಒಂದೊಂದೇ ಎಲೆ ತೊಳೆದು ಬೇಯಿಸಿ. ಮಗುವಿನ ಕೈಗೆ ಚಿಪ್ಪು ಕೊಡಬೇಡಿ, ಖಾಲಿಯಾದರೂ.

ಪಡುಬಿದ್ರಿ ಬಾತು:
ಸುರತ್ಕಲ್‌ನವರೇ, ಆ ಕ್ಯಾಟ್‌ಫಿಶ್ ಸಾಕುವುದನ್ನು ಸರ್ಕಾರ 2000ದಲ್ಲೇ ನಿಷೇಧ ಮಾಡಿದೆ. ನೆರೆಗೆ ನಮ್ಮ ಪಕ್ಕದ ಕೆರೆಯಿಂದ ತೋಡಿಗೆ ಬಂತು. ಈಗ ಗಾಳ ಹಾಕಿದರೆ ಮೊದಲು ಸಿಗುವುದು ಅದೇ. ಊರಿನ ಮುಗುಡು ಮೀನು ನೋಡದೆ ಮೂರು ವರ್ಷ ಆಯಿತು. ಮರಿ ಮಾರುವ ಮಾತು ಇಲ್ಲಿ ಬರೆಯಬೇಡಿ.

ಸುರತ್ಕಲ್ ಕೆರೆ:
ಎಲ್ಲರೂ ಸಾಕುತ್ತಾರೆ, ನನ್ನನ್ನು ಮಾತ್ರ ಯಾಕೆ ಕೇಳುತ್ತೀರಿ? ಕೆರೆ ತೋಡಿಸಲು ಸಾಲ ಮಾಡಿದ್ದೇನೆ, 1,80,000. ಕಂತು ಯಾರು ಕಟ್ಟುತ್ತಾರೆ?

ಹೆಬ್ರಿ ಸಸಿ:
ಇನ್ನೊಂದು ಪ್ರಾಣಿ ತಂದು ಇದನ್ನು ತಿನ್ನಿಸುವುದು ಹವಾಯಿಯಲ್ಲಿ ಆಗಿದೆ. 1955ರಲ್ಲಿ ಅಲ್ಲಿಗೆ ಅಮೆರಿಕದ ಬೇಟೆಗಾರ ಬಸವನಹುಳು ತಂದು ಬಿಟ್ಟರು, ಈ ಆಫ್ರಿಕನ್ ಹುಳುವನ್ನು ತಿನ್ನಲಿ ಅಂತ. ಅದು ಆ ದ್ವೀಪದ ಸಣ್ಣ ಸಣ್ಣ ಮರದ ಬಸವನಹುಳುಗಳ ಎಷ್ಟೋ ಜಾತಿಗಳನ್ನು ತಿಂದು ಮುಗಿಸಿತು. ಆಫ್ರಿಕನ್ ಹುಳು ಹಾಗೇ ಉಳಿಯಿತು. ನಮ್ಮ ಕಾಡಿನಲ್ಲೂ ಊರಿನ ಸಣ್ಣ ಬಸವನಹುಳುಗಳು ಉಂಟು. ಹೆಕ್ಕುವಾಗ ಅವುಗಳನ್ನು ಬಿಟ್ಟುಬಿಡಿ.

ಬೆಳ್ಮಣ್ ಅಡಿಕೆ:
ಒಂದು ಮಾತು ಯಾರೂ ಹೇಳಲಿಲ್ಲ. ಬೇಸಗೆಯಲ್ಲಿ ಇದು ಸಾಯುವುದಿಲ್ಲ. ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿ ಮಲಗುತ್ತದೆ. ಕೆಂಪುಕಲ್ಲಿನ ಕಟ್ಟೆ, ಸಿಪ್ಪೆ ರಾಶಿ, ಹಳೆ ಹಂಚಿನ ಅಟ್ಟಿ, ಇಲ್ಲೆಲ್ಲ. ಏಪ್ರಿಲ್‌ನಲ್ಲಿ ಹುಡುಕಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಬಿದ್ದ ಮೇಲೆ ಹುಡುಕಿದರೆ ಅಷ್ಟರಲ್ಲಿ ಮೊಟ್ಟೆ ಇಟ್ಟಾಗಿರುತ್ತದೆ. ಹೋದ ಏಪ್ರಿಲ್‌ನಲ್ಲಿ ನಾನು ಒಂದು ಕಟ್ಟೆ ಬಿಚ್ಚಿಸಿದೆ, 260 ಹುಳು. ಆ ಕೆಲಸಕ್ಕೆ ಗುಳಿಗೆ ಬೇಡ, ಅಕ್ಕ ಹೇಳಿದ ಹಾಗೆ ಕೈಯೇ ಸಾಕು. ಅದನ್ನು ಒಪ್ಪುತ್ತೇನೆ.

ಶಂಕರಪುರ ಮಲ್ಲಿಗೆ:
ಅಷ್ಟಾದರೂ ಒಪ್ಪಿದಿರಲ್ಲ. ಕಟ್ಟೆಯ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮ ಸುಣ್ಣ ಬಳಿದ ಗೋಡೆಯಲ್ಲಿ ಅವು ಕೆರೆದ ಗುರುತು ಉಂಟು, ಚಿಪ್ಪಿಗೆ ಸುಣ್ಣ ಬೇಕಲ್ಲ. ಅದರ ಹಿಂದೆ ನೋಡುತ್ತೇನೆ.

ಬ್ರಹ್ಮಾವರ ಹಿತ್ತಿಲು:
ಎಲ್ಲರದ್ದೂ ಓದಿದೆ. ನಾಯಿ ಇರುವ ಕಾರಣ ಗುಳಿಗೆ ಬೇಡ ಅಂತ ಮಾಡಿದೆವು. ಅಕ್ಕ, ಸತ್ತ ಹುಳು ಹುಗಿಯುವ ಗುಂಡಿ ಬಾವಿಯಿಂದ ಎಷ್ಟು ದೂರ ಇರಬೇಕು? ಆ ಉಪ್ಪುನೀರು ಎಲ್ಲಿ ಚೆಲ್ಲುವುದು?

ಶಂಕರಪುರ ಮಲ್ಲಿಗೆ:
ನಮ್ಮದು ಬಾವಿಯಿಂದ 50 ಅಡಿ, ಇಳಿಜಾರಿನ ಕಡೆ. ಎರಡಡಿ ಆಳ, ಮೇಲೆ ಸುಣ್ಣದ ಹುಡಿ, ಆಮೇಲೆ ಮಣ್ಣು. ಹುಗಿಯದಿದ್ದರೆ ವಾಸನೆ ತಡೆಯಲು ಆಗುವುದಿಲ್ಲ, ಹೆಗ್ಗಣವೂ ಬರುತ್ತದೆ. ಉಪ್ಪುನೀರು ನಾನು ಗೇಟಿನ ಹೊರಗೆ ಜಲ್ಲಿ ಹಾಕಿದ ಜಾಗಕ್ಕೆ ಚೆಲ್ಲುತ್ತೇನೆ, ಗಿಡ ಇಲ್ಲದ ಕಡೆ. ಅದೇ ನೀರನ್ನು ಮೂರು ದಿನ ಬಳಸಬಹುದು.

ಬ್ರಹ್ಮಾವರ ಹಿತ್ತಿಲು:
ಇವತ್ತು ಎಂಟರಿಂದ ಒಂಬತ್ತೂವರೆ. 173. ನಮ್ಮವರು ಟಾರ್ಚ್ ಹಿಡಿದರು, ನಾನು ಹೆಕ್ಕಿದೆ. ಬಾವಿ ಕಟ್ಟೆಯಲ್ಲೇ 40 ಇತ್ತು.