ಮುತ್ತಾತನ ಫ್ಲೆಕ್ಸು: ನಮ್ಮನೆ ಗುಂಪಲ್ಲಿ ನಡೆದ ಮಾತುಕತೆ

ಬೆಂಗ್ಳೂರ್ ತಮ್ಮ: (ಫೋಟೊ)
ಎಲ್ರೂ ನೋಡಿ 🙏 ಮುತ್ತಾತನ ಫ್ಲೆಕ್ಸ್ ರೆಡಿ. "ಹೈಫಾ ಯುದ್ಧದ ವೀರ, ಮೈಸೂರು ಲ್ಯಾನ್ಸರ್ಸ್, 1918" ಅಂತ ಮೇಲೆ ದಪ್ಪಕ್ಷರದಲ್ಲಿ ಹಾಕ್ಸಿದೀನಿ. ಗೊತ್ತಿಲ್ದೋರಿಗೆ, ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾ ಊರಲ್ಲಿ ಕಾದಾಡಿದ ಮೈಸೂರು ಸಂಸ್ಥಾನದ ಕುದುರೆ ಪಡೆ ಅದು. ಮುತ್ತಾತನ ಫೋಟೊ ಒಂದೂ ಇಲ್ವಲ್ಲ, ಅದಕ್ಕೆ ತಾತನ ಮುಖ ಕೊಟ್ಟು ಎಐನಲ್ಲಿ ಮಾಡ್ಸಿದ್ದು, ಕುದುರೆ ಮೇಲೆ ಭರ್ಜಿ ಹಿಡ್ಕೊಂಡು ಕೂತಿರೋ ಥರ. ಮನೆದೇವ್ರ ಪರದ ದಿನ ಊರ ಬಾಗ್ಲಲ್ಲಿ ಕಟ್ಸೋಣ. ಕಲ್ಲು ಕೆತ್ತೋರಿಗೂ ಇದೇ ಮ್ಯಾಟರ್ ಕೊಟ್ಟಿದೀನಿ, ಅಡ್ವಾನ್ಸ್ ಆಗಿದೆ

ಮಂಡ್ಯ ಚಿಕ್ಕಪ್ಪ: ಭೇಷ್ ಕಣ್ ಮಗ. ನಮ್ ತಾತ ಎಂತಾ ಗಂಡು ಅಂತ ಊರ್ಗೆಲ್ಲ ಗೊತ್ತಾಗ್ಲಿ

ಕುವೆಂಪುನಗರ ಅತ್ತೆ: ತುಂಬಾ ಚೆನ್ನಾಗಿದೆ ಕಣೋ. ಮೀಸೆ ಮಾತ್ರ ನಮ್ಮಪ್ಪಂದೇ

ನಾನು: ದಯವಿಟ್ಟು ಯಾರೂ ಇದನ್ನ ಬೇರೆ ಗುಂಪಿಗೆ ಕಳಿಸ್ಬೇಡಿ. ಕಲ್ಲಿನೋರಿಗೆ ಈಗ್ಲೇ ಫೋನ್ ಮಾಡಿ ನಿಲ್ಸು ತಮ್ಮ. ದೊಡ್ಡಪ್ಪನ ಟ್ರಂಕಲ್ಲಿದ್ದ ಪತ್ರಗಳನ್ನೆಲ್ಲ ನಾನು ತಂದಿಟ್ಕೊಂಡಿದೀನಿ ಅಂತ ಹೇಳಿದ್ನಲ್ಲ, ಅದ್ರಲ್ಲಿ ಒಂದು ಭೋಗ್ಯದ ಪತ್ರ ಇದೆ, ಈಗ ಫೋಟೊ ಹಾಕ್ತೀನಿ, ನಿಧಾನಕ್ಕೆ ಓದಿ.
(ಫೋಟೊ)
(ಫೋಟೊ)

ನಾನು: ಶ್ರೀರಂಗಪಟ್ಟಣ ಸಬ್ ರಿಜಿಸ್ಟ್ರಾರ್ ಮುಂದೆ ನೋಂದಣಿ ಆಗಿರೋದು, 1918ನೇ ಇಸವಿ ಅಕ್ಟೋಬರ್ ತಿಂಗ್ಳು. ಬರ್ಕೊಟ್ಟಿರೋರು ನಮ್ಮ ಮುತ್ತಾತ, ಹೆಸರು ಇದೆ, ಬಿನ್ ಅಂತ ಅವರಪ್ಪನ ಹೆಸರೂ ಇದೆ. ಹಿಂದುಗಡೆ "ಖುದ್ದು ಹಾಜರಾಗಿ ಒಪ್ಪಿರುತ್ತಾರೆ" ಅಂತ ಬರ್ದು ಎಡಗೈ ಹೆಬ್ಬೆಟ್ಟು ಒತ್ಸಿದಾರೆ

ಬೆಂಗ್ಳೂರ್ ತಮ್ಮ: ಅದಕ್ಕೇನೀಗ ಅಕ್ಕ

ನಾನು: ಹೈಫಾ ಯುದ್ಧ ಆಗಿದ್ದು 1918ರ ಸೆಪ್ಟೆಂಬರ್ 23. ಮೈಸೂರಿನೋರೂ ಜೋಧಪುರದೋರೂ ಊರು ಗೆದ್ದ ಮೇಲೆ ಅಲ್ಲಿಂದ ವಾಪಸ್ ಬಂದಿಲ್ಲ, ಇನ್ನೂ ಉತ್ತರಕ್ಕೆ ಹೋಗಿದಾರೆ, ಅಕ್ಟೋಬರ್ 26ಕ್ಕೆ ಅಲೆಪ್ಪೊ ಹತ್ರ ಹರಿತಾನ್ ಅನ್ನೋ ಕಡೆ ಮತ್ತೆ ಯುದ್ಧ ಮಾಡಿದಾರೆ. ಲ್ಯಾನ್ಸರ್ಸ್ ಸಿರಿಯಾ ದಾರೀಲಿ ಕುದುರೆ ಓಡಿಸ್ತಿದ್ದ ತಿಂಗ್ಳಲ್ಲಿ ನಮ್ಮ ಮುತ್ತಾತ ಶ್ರೀರಂಗಪಟ್ಟಣದ ಕಚೇರೀಲಿ ನಿಂತು ಹೆಬ್ಬೆಟ್ಟು ಒತ್ತಿದಾರೆ

ಮಂಡ್ಯ ಚಿಕ್ಕಪ್ಪ: ಏನವ್ವ ನೀನು. ನಮ್ಮವ್ವ ನಂಗೆ ತಟ್ಟೇಲಿ ಮುದ್ದೆ ಇಕ್ತಾ ಏಳೋಳು, ನಮ್ಮನೇಲಿ ದಂಡಿಗೋಗಿ ಕುದ್ರೆ ಏರಿದೋರು ಅವ್ರೆ ಅಂತ. ಪತ್ರ ಬರ್ದೋನು ಏನ್ಬೇಕಾರು ಬರ್ಕೊತಾನೆ. ನಮ್ಮವ್ವ ಸುಳ್ಳೇಳ್ತಾಳಾ

ನಾನು: ಅಜ್ಜಿ ಸುಳ್ಳು ಹೇಳಿದ್ರು ಅಂತ ನಾನು ಯಾವತ್ತೂ ಅನ್ನಲ್ಲ ಚಿಕ್ಕಪ್ಪ. ಆದ್ರೆ ಅಜ್ಜಿ "ನಿಮ್ಮ ತಾತ" ಅಂತ ಬಾಯ್ಬಿಟ್ಟು ಹೇಳಿದ್ರಾ, ನೆನಪು ಮಾಡ್ಕೊಂಡು ಹೇಳಿ

ಬೆಂಗ್ಳೂರ್ ತಮ್ಮ: ಅಕ್ಕ ಒಂದ್ನಿಮಿಷ. ಮೈಸೂರು ಲ್ಯಾನ್ಸರ್ಸ್ ಹೊರಟಿದ್ದು 1914 ಅಕ್ಟೋಬರಲ್ಲಿ, ಮೊದ್ಲು ಈಜಿಪ್ಟು, ಸೂಯೆಜ್ ಕಾಲುವೆ ಕಾಯೋಕೆ, ಆಮೇಲೆ ಪ್ಯಾಲೆಸ್ಟೈನು. ನಾಲ್ಕು ವರ್ಷ. ಮಧ್ಯದಲ್ಲಿ ಗಾಯ ಆದೋರು, ಜ್ವರ ಬಂದೋರು ವಾಪಸ್ ಬಂದೇ ಇರ್ತಾರೆ. ಮುತ್ತಾತನೂ ಹಂಗೆ ಬಂದಿರಬಹುದಲ್ಲ. ದೆಹಲಿ ತೀನ್ ಮೂರ್ತಿಲಿ ಮೂರು ಪ್ರತಿಮೆ ಇದಾವಲ್ಲ ಅದ್ರಲ್ಲಿ ಒಂದು ನಮ್ಮ ಮೈಸೂರು ಸೈನಿಕಂದು, 2018ರಲ್ಲಿ ಆ ಸರ್ಕಲ್ಲಿಗೆ ಹೈಫಾ ಅಂತ ಹೆಸರೂ ಸೇರ್ಸಿದ್ರು, ನಮ್ಮ ಬೆಂಗ್ಳೂರು ಜೆಸಿ ನಗರದಲ್ಲಿ ಸ್ಮಾರಕ ಇದೆ ನಾನು ದಿನಾ ಆ ಕಡೆಯಿಂದ್ಲೇ ಆಫೀಸಿಗೆ ಹೋಗೋದು, ಪ್ರತೀ ಸಲ ನೋಡ್ದಾಗ ಇದು ನಮ್ಮನೆಯೋರು ಅನ್ಸುತ್ತೆ ನಂಗೆ. ಅದನ್ನ ಒಂದು ಹಳೇ ಸಾಲದ ಪತ್ರ ಇಟ್ಕೊಂಡು ಇಲ್ಲ ಅಂತ ಹೇಳ್ಬೇಡ

ಲಾಯರ್ ಭಾವ: ಅಳಿಯಂದ್ರೆ, ನೀವು ಹೇಳೋದು ನ್ಯಾಯವಾಗೇ ಇದೆ. ಒಂದು ಪತ್ರದ ತಾರೀಕಿಂದ ಮನುಷ್ಯ ಯಾವತ್ತೂ ದಂಡಿಗೆ ಹೋಗಿರ್ಲಿಲ್ಲ ಅಂತ ಸಾಬೀತಾಗಲ್ಲ. ಆದ್ರೆ ಪತ್ರದ ಒಕ್ಕಣೆ ಓದಿ, ಎರಡನೇ ಫೋಟೊ, ಮೇಲಿಂದ ಆರನೇ ಸಾಲು. "ನನ್ನ ಸಾಬೀಕು ಗ್ರಾಮವು ಕನ್ನಂಬಾಡಿ ಕಟ್ಟೆಯ ಕಾಮಗಾರಿಯಲ್ಲಿ ಮುಳುಗಡೆಗೆ ಸೇರಿದ್ದರಿಂದ ಸರ್ಕಾರದಿಂದ ಬದಲಿಗೆ ಬಂದ ಈ ಜಮೀನನ್ನು ಸುಮಾರು ನಾಲ್ಕು ವರ್ಷಗಳಿಂದ ಖುದ್ದು ಸಾಗುವಳಿ ಮಾಡಿಕೊಂಡು" ಅಂತ ಇದೆ. ಕನ್ನಂಬಾಡಿ ಕಟ್ಟೆ ಅಂದ್ರೆ ಈಗಿನ ಕೆಆರ್‌ಎಸ್ ಅಣೆಕಟ್ಟು. ನಾಲ್ಕು ವರ್ಷ ಖುದ್ದು ಉತ್ತೋನು ಅದೇ ನಾಲ್ಕು ವರ್ಷ ಈಜಿಪ್ಟಲ್ಲಿ ಇರೋಕಾಗಲ್ಲ

ಬೆಂಗ್ಳೂರ್ ತಮ್ಮ: ಅದು ನಮ್ಮ ಮುತ್ತಾತನೇ ಅಂತ ಏನು ಗ್ಯಾರಂಟಿ ಭಾವ. ನಮ್ಮ ಕಡೆ ತಾತನ ಹೆಸರು ಮೊಮ್ಮಗನಿಗೆ ಇಟ್ಟು ಇಟ್ಟು ಒಂದೇ ಊರಲ್ಲಿ ಅದೇ ಹೆಸರಿನೋರು ಹತ್ತು ಜನ ಇರ್ತಾರೆ

ಲಾಯರ್ ಭಾವ: ಸರಿಯಾದ ಪ್ರಶ್ನೆ. ಅದಕ್ಕೇ ಹೆಸರು ನೋಡಿ ಬಿಡಬಾರದು, ಚಕ್ಕುಬಂದಿ ನೋಡ್ಬೇಕು. ಇದ್ರಲ್ಲಿ ಮೂಡಲಿಗೆ ಯಾರ ಜಮೀನು, ಪಡುವಲಿಗೆ ಯಾರದ್ದು, ತೆಂಕಲಿಗೆ ಹಳ್ಳ, ಬಡಗಲಿಗೆ ಬಂಡಿ ದಾರಿ ಅಂತಿದೆ. 1941ರಲ್ಲಿ ನಿಮ್ಮ ತಾತಂದಿರು ವಿಭಾಗ ಮಾಡ್ಕೊಂಡ ಪತ್ರ ನನ್ನ ಆಫೀಸಲ್ಲೇ ಇದೆ (ಹಿಂದೆ ಖಾತೆ ಕೇಸಿಗೆ ಕೊಟ್ಟಿದ್ರಿ). ಅದೇ ಸರ್ವೆ ನಂಬರು, ಅದೇ ಹಳ್ಳ, ಅದೇ ಬಂಡಿ ದಾರಿ, ಪಡುವಲಿಗೆ ಅದೇ ಮನೆತನದೋರು. ಈಗ ನಿಮ್ಮ ಚಿಕ್ಕಪ್ಪ ಕಬ್ಬು ಹಾಕಿರೋದು ಅದೇ ಹೊಲಕ್ಕೆ

ಮಂಡ್ಯ ಚಿಕ್ಕಪ್ಪ: ಹಳ್ಳದ್ ಒಲ್ವಾ

ಲಾಯರ್ ಭಾವ: ಹೌದು ಚಿಕ್ಕಪ್ಪ, ಹಳ್ಳದ ಹೊಲ

ಕುವೆಂಪುನಗರ ಅತ್ತೆ: ನಾವು ಮುಳುಗಡೆಯಿಂದ ಬಂದೋರು ಅಂತ ಅಪ್ಪ ಒಂದ್ಸಲಾನೂ ಹೇಳ್ಲಿಲ್ಲ ನಂಗೆ

ನಾನು: ಅತ್ತೆ, ಅದೇ ನಂಗೆ ಹೊಟ್ಟೆ ಉರಿಯೋ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಎಲ್ರೂ ಪೂರ್ತಿ ಓದಿ. ಕನ್ನಂಬಾಡಿ ಕಟ್ಟೆ ಕೆಲ್ಸ ಶುರುವಾಗಿದ್ದು 1911ರಲ್ಲಿ, ಆಗ ವಿಶ್ವೇಶ್ವರಯ್ಯನೋರು ಚೀಫ್ ಎಂಜಿನಿಯರು. ಕಟ್ಟೆ ಪೂರ್ತಿ ಮುಗಿಯೋ ಹೊತ್ತಿಗೆ ಇಪ್ಪತ್ತು ವರ್ಷ ಆಯ್ತು. ಆಮೇಲೆ ನಾಲೆ ಬಂತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, ನಮ್ಮ ಇಡೀ ಸೀಮೆ ಹಸಿರಾಯ್ತು, ನಾವೆಲ್ಲ ಓದಿದ್ದು ಆ ಕಬ್ಬಿನ ದುಡ್ಡಲ್ಲೇ. ಆ ಕಟ್ಟೆ ಒಳಗೆ ಊರು ಬಿಟ್ಕೊಟ್ಟು ಬಂದೋರು ನಮ್ಮ ಮುತ್ತಾತ. ಕನ್ನಂಬಾಡಿ ವೇಣುಗೋಪಾಲಸ್ವಾಮಿ ಗುಡಿ ಏನಾಯ್ತು ಅಂತ ಎಲ್ರಿಗೂ ಗೊತ್ತು, ಈಗ ಹೊಸ ಕನ್ನಂಬಾಡೀಲಿ ಕಲ್ಲು ಕಲ್ಲು ಜೋಡ್ಸಿ ಮತ್ತೆ ನಿಲ್ಸಿದಾರೆ, ಜನ ಹೋಗಿ ಫೋಟೊ ತೆಗೆಸ್ಕೊತಾರೆ. ಜನರ ಮನೆಗಳು ಏನಾದ್ವು ಅನ್ನೋದು ಇಂಥ ಪತ್ರದಲ್ಲಿ ಮಾತ್ರ ಉಳ್ದಿರೋದು. ಮುತ್ತಾತ ಯಾತಕ್ಕೆ ಭೋಗ್ಯಕ್ಕೆ ಹಾಕಿದ್ರು ಅಂತ ನೋಡಿ, ಅರವತ್ತು ರೂಪಾಯಿ, "ಎತ್ತು ಕೊಳ್ಳುವ ಸಲುವಾಗಿಯೂ ಮನೆಯ ಮೇಲ್ಮಾಳಿಗೆ ಹೊದಿಸುವ ಸಲುವಾಗಿಯೂ". ಅಂದ್ರೆ ಹೊಸ ಊರಿಗೆ ಬಂದು ನಾಲ್ಕು ವರ್ಷ ಆದ್ರೂ ಮನೆ ಸೂರು ಪೂರ್ತಿ ಆಗಿಲ್ಲ. ಅದೇ ತಿಂಗ್ಳಲ್ಲಿ ಇನ್‌ಫ್ಲುಯೆಂಜಾ ಜ್ವರ ಮೈಸೂರು ಸೀಮೇಲಿ ಊರೂರನ್ನೇ ಮಲಗ್ಸಿತ್ತು. ಆ ಜ್ವರದ ಮಧ್ಯೆ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಲ ಅಡ ಇಟ್ಟು ಎತ್ತು ತಂದಿದಾರೆ. ಆ ಹೊಲ ಇವತ್ತಿಗೂ ನಮ್ಮ ಕೈಲಿದೆ ಅಂದ್ರೆ ಭೋಗ್ಯ ಬಿಡಿಸ್ಕೊಂಡಿದಾರೆ ಅಂತಾನೇ ಅರ್ಥ. ಇದು ಸಣ್ಣ ಬದುಕಾ? ಇದರ ಮೇಲೆ ಭರ್ಜಿ ಕುದುರೆ ಚಿತ್ರ ಅಂಟಿಸಿದ್ರೆ ಆ ಮನುಷ್ಯನ್ನ ನಾವೇ ಎರಡನೇ ಸಲ ಮುಳುಗ್ಸಿದ ಹಾಗೆ

ನಾನು: ಇನ್ನೊಂದು. ನಿಜವಾಗಿ ಮೈಸೂರಿಂದ ಹೋಗಿ ಅಲ್ಲೇ ಸತ್ತೋರ ಮನೆಯೋರು ಈಗ್ಲೂ ಇದಾರೆ. ಅವ್ರ ಸಾಲಲ್ಲಿ ನಮ್ಮೋರನ್ನ ನಿಲ್ಸೋಕೆ ನಮಗೆ ಹಕ್ಕಿಲ್ಲ. ಆಮೇಲೆ ಆ ಎಐ ಫೋಟೊ, ಅದನ್ನ ಡಿಲೀಟ್ ಮಾಡು ತಮ್ಮ. ಮುತ್ತಾತನ ಮುಖ ನಾವು ಯಾರೂ ನೋಡಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ನಿನ್ನ ಮಗ ಅದನ್ನೇ ನಿಜವಾದ ಫೋಟೊ ಅಂತ ಗೋಡೆಗೆ ಹಾಕ್ತಾನೆ, ಅದು ಸುಳ್ಳು ಅಂತ ಹೇಳೋಕೆ ಆಗ ಯಾರೂ ಇರಲ್ಲ

ಬೆಂಗ್ಳೂರ್ ತಮ್ಮ: ಅಕ್ಕ ನಾನು ಕೆಟ್ಟದ್ದಕ್ಕೆ ಮಾಡ್ಲಿಲ್ಲ. ತಿಂಗ್ಳಿಂದ ರಾತ್ರಿ ಕೂತು ಮಾಡಿದೀನಿ

ಮಂಡ್ಯ ಚಿಕ್ಕಪ್ಪ: ಹುಡ್ಗನ್ ಮ್ಯಾಕೆ ಅಷ್ಟೊಂದ್ ಏರ್ಬ್ಯಾಡವ್ವ. ಊರ್ಗೆಲ್ಲ ಏಳ್ಬುಟ್ಟಿವ್ನಿ ನಾನು, ಮಿಲ್ಟ್ರಿ ತಾತನ್ ಕಲ್ಲು ನಿಲ್ಲುಸ್ತೀವಿ ಅಂತ. ಈಗ ಎತ್ತು ತಕಂಡಿದ್ದ ಅಂತ ಕಲ್ಲಾಕ್ಸದಾ

ನಾನು: ಹೌದು ಚಿಕ್ಕಪ್ಪ, ಅದನ್ನೇ ಹಾಕ್ಸೋಣ ಅಂತೀನಿ ನಾನು

ಪುಟ್ಟಿ: ದೊಡ್ಡಮ್ಮಂಗೆ ಎಲ್ಲಾ ಮೆಸೇಜು ಓದಿ ಹೇಳ್ದೆ. ಅವ್ರು ಹೇಳಿದ್ದನ್ನ ಹಂಗೇ ಟೈಪ್ ಮಾಡ್ತಿದೀನಿ, ವಾಯ್ಸ್ ಕಳ್ಸಿದ್ರೆ ಯಾರೂ ಪೂರ್ತಿ ಕೇಳಲ್ಲ ಅಂತ ಬೈತಿದಾರೆ

ಪುಟ್ಟಿ: "ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಮಾರ್ನಮಿ ಹಬ್ಬದಲ್ಲಿ ನಮ್ಮತ್ತೆ ಎಡೆ ಇಡೋವಾಗ ಒಂದೆಲೆ ಬೇರೆ ಹಾಕಿದ್ರು. ಹಿರೀಕರದ್ದೆಲ್ಲ ಒಂದು ಸಾಲು, ಇದೊಂದು ಬಾಗ್ಲ ಹತ್ರ. ಯಾರ್ದವ್ವ ಅಂತ ಕೇಳ್ದೆ. ದಂಡಿನಯ್ಯಂದು ಅಂದ್ರು. ನಿಮ್ಮ ಮುತ್ತಾತನ ತಮ್ಮ. ಮದ್ವೆ ಆಗಿರ್ಲಿಲ್ಲ, ದಂಡಿಗೋದೋನು ತಿರ್ಗಿ ಬರ್ಲಿಲ್ಲ, ಯಾವತ್ತಾದ್ರು ಬಂದ್ರೆ ಬಾಗ್ಲಲ್ಲೇ ಉಣ್ಲಿ ಅಂತ ಅಲ್ಲಿಕ್ತಿದ್ರು. ಅತ್ತೆ ಹೋದ್ಮೇಲೆ ನಾನೂ ಇಕ್ಕಿದೀನಿ. ಮನೆ ಪಾಲಾದ್ಮೇಲೆ ನಿಂತೋಯ್ತು."

ಕುವೆಂಪುನಗರ ಅತ್ತೆ: ಅಯ್ಯೋ ಅತ್ತಿಗೆ. ಬಾಗ್ಲ ಹತ್ರದ ಎಲೆ ನಂಗೂ ನೆನಪಿದೆ. ಬೆಕ್ಕು ಬರುತ್ತೆ ನೋಡ್ಕೋ ಅಂತ ನನ್ನೇ ಕೂರಿಸ್ತಿದ್ರು

ಮಂಡ್ಯ ಚಿಕ್ಕಪ್ಪ: ಅವ್ವ ಏಳ್ತಿದ್ದಿದ್ದು ಅವ್ನ್ ಇಚಾರನೇಯ. ನಮ್ಮನೇಲಿ ಅವ್ರೆ ಅಂತಿದ್ಲು, ನಿಮ್ತಾತ ಅಂತ ಏಳ್ನಿಲ್ಲ. ನಿಜ

ಬೆಂಗ್ಳೂರ್ ತಮ್ಮ: ಹಂಗಿದ್ರೆ ವಂಶವೃಕ್ಷದಲ್ಲಿ ಯಾಕಿಲ್ಲ ಆ ಚಿಕ್ಕ ಮುತ್ತಾತ? ನಾಡಕಚೇರಿದು ನನ್ನ ಹತ್ರ ಇದೆ, ಮುತ್ತಾತ ಒಬ್ರೇ ಮಗ ಅನ್ನೋ ಥರ ಇದೆ

ಲಾಯರ್ ಭಾವ: ವಂಶವೃಕ್ಷ ಮಾಡ್ಸೋದು ಖಾತೆಗೆ, ಪೌತಿಗೆ, ಪರಿಹಾರಕ್ಕೆ. ವಾರಸುದಾರರಿಲ್ದೆ ಸತ್ತೋರನ್ನ ಹೇಳೋರೂ ಬಿಡ್ತಾರೆ, ಬರ್ಕೊಳ್ಳೋರೂ ಬಿಡ್ತಾರೆ. ಎಷ್ಟೋ ಮನೇಲಿ ಹೆಣ್ಣುಮಕ್ಕಳನ್ನೂ ಬಿಟ್ಟಿರ್ತಾರೆ. ಆಸ್ತಿ ಯಾರಿಗೆ ಹೋಯ್ತು ಅಂತ ತಿಳಿಯೋಕೆ ಅದು ಸರಿ, ಮನೇಲಿ ಯಾರ್ಯಾರಿದ್ರು ಅಂತ ತಿಳಿಯೋಕೆ ಅದೊಂದನ್ನೇ ನಂಬಬಾರದು

ಕುವೆಂಪುನಗರ ಅತ್ತೆ: ನೋಡಿ, ನಾನೇ ಇಲ್ಲ ಅದ್ರಲ್ಲಿ

ಬೆಂಗ್ಳೂರ್ ತಮ್ಮ: ಅಕ್ಕ ಹಂಗಾದ್ರೆ ಸುಲಭ ಆಯ್ತಲ್ಲ. ಫ್ಲೆಕ್ಸಲ್ಲಿ ಹೆಸರು ಬದಲಾಯಿಸ್ತೀನಿ, ಚಿಕ್ಕ ಮುತ್ತಾತ ಹೈಫಾ ವೀರ ಅಂತ

ನಾನು: ಬೇಡ. ಇಷ್ಟೊತ್ತು ಹೇಳಿದ್ದು ಅದನ್ನೇ ಅಲ್ವಾ. ಅವ್ರು ದಂಡಿಗೆ ಹೋದ್ರು, ಬರ್ಲಿಲ್ಲ, ಇಷ್ಟೇ ನಮಗೆ ಸಿಕ್ಕಿರೋದು. ಲ್ಯಾನ್ಸರ್ಸೋ, ಕುದುರೆ ನೋಡ್ಕೊಳ್ಳೋ ಕೆಲಸಾನೋ, ಕಾಲಾಳು ಪಡೆಯೋ, ಸಮುದ್ರ ದಾಟಿದ್ರೋ ಬೆಂಗ್ಳೂರು ದಂಡಲ್ಲೇ ಜ್ವರ ಬಂದು ಹೋದ್ರೋ ನೋಡ್ಬೇಕು. ಹುಡುಕೋಕೆ ದಾರಿ ಇದೆ. ಆ ಯುದ್ಧದಲ್ಲಿ ಸತ್ತೋರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ಹುಡುಕ್ಬಹುದು, ದುಡ್ಡು ಕೇಳಲ್ಲ. ನಮ್ಮ ಹೆಸರುಗಳನ್ನ ಇಂಗ್ಲಿಷಲ್ಲಿ ಹೇಗ್ಹೇಗೋ ಬರ್ದಿರ್ತಾರೆ, ಅದಕ್ಕೆ ಪಡೆಯ ಹೆಸರು ಮೈಸೂರು ಅಂತ ಕೊಟ್ಟು ಒಂದೊಂದೇ ಓದ್ಬೇಕು. ಆ ಕೆಲ್ಸ ನಿನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ ತಮ್ಮ, ಈ ಯುದ್ಧದ ಬಗ್ಗೆ ನಿಂಗೆ ಗೊತ್ತಿರೋವಷ್ಟು ನಮ್ಮನೇಲಿ ಇನ್ಯಾರಿಗೂ ಗೊತ್ತಿಲ್ಲ

ಲಾಯರ್ ಭಾವ: ಮೈಸೂರಲ್ಲೇ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ, ಸಂಸ್ಥಾನದ ಹಳೇ ಕಡತ ಕೇಳೋಕೆ ಅದೇ ಮೊದಲ ಜಾಗ. ಮುಳುಗಡೆ ಜಮೀನು ಸ್ವಾಧೀನದ ನೋಟಿಫಿಕೇಶನ್ನುಗಳು ಮೈಸೂರು ಗೆಜೆಟಲ್ಲಿ ಬರ್ತಿದ್ವು, ಅದನ್ನ ಹಿಡಿದ್ರೆ ಹಳೇ ಊರಲ್ಲಿ ನಿಮ್ಮೋರ ಜಮೀನು ಎಷ್ಟಿತ್ತು ಅಂತ ಸಿಗಬಹುದು. ಒಂದು ಎಚ್ಚರ, ಊರು ತಾಲ್ಲೂಕು ಹಳೇ ಹೆಸರಲ್ಲಿ ಕೇಳ್ಬೇಕು. ಪಾಂಡವಪುರ ಅಂದ್ರೆ ಸಿಗಲ್ಲ, ಫ್ರೆಂಚ್ ರಾಕ್ಸ್ ಅನ್ಬೇಕು. ಇನ್ನೂ ಹಿಂದಕ್ಕೆ ಹೋದ್ರೆ ಕೃಷ್ಣರಾಜಪೇಟೆ ಬದ್ಲು ಅತ್ತಿಗುಪ್ಪೆ. ಮಂಡ್ಯ ಜಿಲ್ಲೆ ಆಗಿದ್ದೇ 1939 ಜುಲೈಲಿ, ಅದಕ್ಕೆ ಮುಂಚಿಂದೆಲ್ಲ ಮೈಸೂರು ಜಿಲ್ಲೆ ಕಡತದಲ್ಲಿರುತ್ತೆ. ನಾನು ಸೋಮವಾರ ಅರ್ಜಿ ಕೊಡ್ತೀನಿ

ಮಂಡ್ಯ ಚಿಕ್ಕಪ್ಪ: ಹೆಳವ್ರು ಬತ್ತಿದ್ರಲ್ಲ, ಸುಗ್ಗಿ ಆದ್ಮ್ಯಾಕೆ ಎತ್ತಿನ್ ಮ್ಯಾಲ್ ಕುಂತು ಬರೋರು, ಬಾಗ್ಲಲ್ ನಿಂತು ನಮ್ ಮುತ್ತಾತ ಅವ್ರಪ್ಪ ಅವ್ರಪ್ಪ ಅಂತ ಏಳೇಳು ತಲೆ ಏಳೋರು. ರಾಗಿ ಬತ್ತ ಇಸ್ಕಂಡೋಗೋರು. ಅವ್ರತ್ರ ಮದ್ವೆ ಆಗ್ದಿರೋರ್ ಎಸ್ರೂ ಇರ್ತದೆ. ನಮ್ಮೂರ್ಗೆ ಬತ್ತಿದ್ದ ಹೆಳವನ್ ಮಗ ಫೋನ್ ನಂಬರ್ ಯಾರಾರ ಹತ್ರ ಐತಾ ಕೇಳ್ತೀನಿ, ಅದ್ ನನ್ ಕೆಲ್ಸ ಬುಡಿ

ನಾನು: ಅದೇ ದೊಡ್ಡ ಕೆಲಸ ಚಿಕ್ಕಪ್ಪ. ಸಿಕ್ಕಿದ್ರೆ ಅವ್ರು ಹೇಳೋದನ್ನ ಮೊದಲಿಂದ ಕೊನೇವರೆಗೂ ರೆಕಾರ್ಡ್ ಮಾಡ್ಕೊಳಿ, ಮಧ್ಯ ನಿಲ್ಸಿ ಏನೂ ಕೇಳ್ಬೇಡಿ

ಬೆಂಗ್ಳೂರ್ ತಮ್ಮ: ಕಲ್ಲಿನೋರಿಗೆ ಏನ್ ಹೇಳ್ಲಿ ಈಗ. ಅಡ್ವಾನ್ಸ್ ವಾಪಸ್ ಕೊಡಲ್ಲ ಅವ್ರು

ನಾನು: ವಾಪಸ್ ಬೇಡ, ಕಲ್ಲು ಮಾಡ್ಸೋಣ, ಹಳ್ಳದ ಹೊಲದ ಬದುವಲ್ಲೇ ನಿಲ್ಸೋಣ. ಮ್ಯಾಟರ್ ಹೀಗಿರ್ಲಿ: ಮೊದಲು ಮುತ್ತಾತನ ಹೆಸರು. ಕೆಳಗೆ "ಕನ್ನಂಬಾಡಿ ಕಟ್ಟೆಯಲ್ಲಿ ಮುಳುಗಿದ ಊರಿನಿಂದ ಬಂದು ಈ ಹೊಲ ಮಾಡಿದವರು". ಅದರ ಕೆಳಗೆ "ಇವರ ತಮ್ಮ, ದಂಡಿಗೆ ಹೋಗಿ ಹಿಂದಿರುಗಲಿಲ್ಲ". ತಮ್ಮನ ಹೆಸರಿಗೆ ಜಾಗ ಬಿಡಿಸು, ಸಿಕ್ಕಿದ ದಿನ ಕೆತ್ಸೋಣ

ಕುವೆಂಪುನಗರ ಅತ್ತೆ: ಮುತ್ತಜ್ಜಿ ಹೆಸರು? ಹೊಲ ಅವಳೂ ತಾನೆ ಮಾಡಿದ್ದು. ಅದನ್ನ ಬಿಟ್ರೆ ನಾನು ಪರಕ್ಕೇ ಬರಲ್ಲ

ಲಾಯರ್ ಭಾವ: 1941ರ ಪತ್ರದಲ್ಲಿ ಇದೆ ಅತ್ತೆ, ಹೆಸರು ಬರ್ದು ಕೋಂ ಅಂತ ಗಂಡನ ಹೆಸರು ಇದೆ. ಜೆರಾಕ್ಸ್ ಹಾಕ್ತೀನಿ

ಮಂಡ್ಯ ಚಿಕ್ಕಪ್ಪ: ಅವ್ಳೆಸ್ರೂ ಆಕ್ಸಿ. ಊರೋರಿಗೆ ನಾನೇಳ್ಕತೀನಿ

ಬೆಂಗ್ಳೂರ್ ತಮ್ಮ: ಸರಿ. ಇಬ್ರ ಹೆಸರೂ ಸೇರ್ಸಿದ್ರೆ ಆರು ಸಾಲಾಗುತ್ತೆ, ಈ ಸೈಜ್ ಕಲ್ಲಲ್ಲಿ ಹಿಡಿಯಲ್ಲ ಅಂತಾರೆ, ದೊಡ್ಡದು ತಗೋಬೇಕು, ಹೆಚ್ಚಿನ ದುಡ್ಡು ನಾನೇ ಹಾಕ್ತೀನಿ. ಹೆಸರುಗಳನ್ನ ಪತ್ರದಲ್ಲಿ ಇರೋ ಥರಾನೇ ಭಾವ ಟೈಪ್ ಮಾಡಿ ಕಳಿಸ್ಲಿ, ನಾಳೆ ಮಧ್ಯಾಹ್ನದೊಳಗೆ ಕೊಡ್ಬೇಕು