ಒಂದೂವರೆ ಪಟ್ಟು ಪ್ವಾರೋ

“ಮುಗಿಸ್ಬಿಟ್ಟೆ ಕಣ್ರೋ!” ಅಂದ ಸೀನ.

“ಏನನ್ನ? ಹೋಂ ಲೋನಾ?” ಅಂದರು ಶ್ಯಾಮಣ್ಣ.

“ಅಗಾಥಾ ಕ್ರಿಸ್ಟಿಯ ಪತ್ತೇದಾರ ಇದಾನಲ್ಲ, ಆ ಪ್ವಾರೋ ಸೀರಿಯಲ್ಲು. 70ಕ್ಕೆ 70 ಎಪಿಸೋಡೂ. ಒಂದೂವರೆ ಪಟ್ಟು ಸ್ಪೀಡಲ್ಲಿ.”

ವೆಂಕಟೇಶಿ ಕಾಫಿ ಲೋಟ ಕೆಳಗಿಟ್ಟ. “ಪ್ವಾರೋ ಪಾತ್ರ ಮಾಡಿದ ಡೇವಿಡ್ ಸೂಶೆಗೆ ಅಷ್ಟನ್ನೂ ಮುಗಿಸೋಕೆ 1989ರಿಂದ 2013ರವರೆಗೆ ಹಿಡೀತು. ಪಾಪ, ಆ ಬಟನ್ ಎಲ್ಲಿದೆ ಅಂತ ಅವನಿಗೆ ಯಾರೂ ತೋರಿಸಿರಲಿಲ್ಲ.”

“ಈಗ ಎಲ್ರೂ ಹಂಗೇ ನೋಡೋದು. ಟೈಮ್ ಉಳಿಯತ್ತೆ.”

“ಉಳಿದ ಟೈಮಲ್ಲಿ ಏನ್ ಮಾಡ್ದೆ?”

“ಇನ್ನೊಂದು ಸೀರಿಯಲ್ ನೋಡ್ದೆ.”

“ಅದನ್ನ?”

“ಎರಡು ಪಟ್ಟಲ್ಲಿ.”

“ಲೋ, ಪ್ವಾರೋನ ಆ ನಡಿಗೆ ಕಣ್ಣಿಗೆ ಬಿತ್ತೇನೋ? ಬಿಗಿ ಶೂ, ಪುಟಪುಟ ಹೆಜ್ಜೆ. ಅದು ಬರಲಿ ಅಂತ ಸೂಶೆ ಕುಂಡೆ ನಡುವೆ ಒಂದು ಪೆನ್ನಿ ನಾಣ್ಯ ಸಿಗಿಸ್ಕೊಂಡು, ಬೀಳದ ಹಾಗೆ ನಡೆದು ನಡೆದು ಅಭ್ಯಾಸ ಮಾಡಿದ. ನಿನ್ನ ಒಂದೂವರೆ ಪಟ್ಟಲ್ಲಿ ಆ ಮನುಷ್ಯ ಹೆಂಗೆ ಕಾಣ್ತಾನೆ ಹೇಳು?”

“ಸ್ವಲ್ಪ ಅರ್ಜೆಂಟಾಗಿ ಎಲ್ಲಿಗೋ ಹೊರಟ ಹಾಗೆ.”

“ಎಲ್ಲಿಗೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ಪೆನ್ನಿ ಜಾರಿ ಮೋರಿ ಕಡೆ ಉರುಳ್ತಾ ಇದೆ, ಹಿಂದೆ ಇವನು ಓಡ್ತಾ ಇದಾನೆ!”

“ಆಮೇಲೆ ಆ ನಾಣ್ಯ ಖರ್ಚು ಮಾಡಿದ್ನೇನಯ್ಯಾ?” ಶ್ಯಾಮಣ್ಣನ ಚಿಂತೆಯೇ ಬೇರೆ.

“ನಾನಂತೂ ರೀಲ್ಸಲ್ಲೇ ಕೊಲೆಗಾರ ಯಾರು ಅಂತ ನೋಡ್ಕೊಂಡ್ಬಿಡ್ತೀನಿ,” ಅಂದಳು ಪಮ್ಮಿ. “ಒಂದೇ ನಿಮಿಷ.”

“ಕೊಲೆಗಾರನಿಗೇ ಅಷ್ಟು ಅವಸರ ಇರಲಿಲ್ಲಮ್ಮ. ಸೂಶೆ ಅಗಾಥಾ ಕ್ರಿಸ್ಟಿ ಪುಸ್ತಕಗಳನ್ನ ಓದ್ತಾ ಓದ್ತಾ, ಪ್ವಾರೋ ಹೆಂಗಿರ್ತಾನೆ ಅಂತ 93 ಅಂಶದ ಪಟ್ಟಿ ಬರೆದಿಟ್ಟಿದ್ದ. ಕಾಫಿಗೆ ಸಕ್ಕರೆ ಉಂಡೆ ಮೂರೋ ನಾಲ್ಕೋ ಅನ್ನೋದೂ ಅದರಲ್ಲಿತ್ತು.”

“ನಾಲ್ಕಾ! ಶುಗರ್ ಇರಲಿಲ್ವಾ?”

“ಶ್ಯಾಮಣ್ಣ, ಅದು ಪಾತ್ರ.”

“ಆ ಮೀಸೆ ಬಿಟ್ರೆ ಬೇರೆ ಏನಾದ್ರೂ ಮಾಡಿದಾನಾ?” ಅಂತ ಪಮ್ಮಿ ಕೇಳಿದ್ದೇ ತಡ, ವೆಂಕಟೇಶಿಗೆ ಹಬ್ಬ.

“1973ರಲ್ಲೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸೇರಿದೋನು. ಅಲ್ಲಿ ‘ಒಥೆಲೋ’ ನಾಟಕದ ಖಳ ಇಯಾಗೋ ಮಾಡಿದ. 1985ರಲ್ಲಿ ಒಂದು ಟಿವಿ ಸಿನಿಮಾದಲ್ಲಿ ಪೀಟರ್ ಉಸ್ತಿನೋವ್ ಪ್ವಾರೋ ಆದಾಗ ಇವನು ಪಕ್ಕದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಜಾಪ್. ಆಮೇಲೆ ಲಂಡನ್ನಿಂದ ನ್ಯೂಯಾರ್ಕಿನ ಬ್ರಾಡ್‌ವೇವರೆಗೂ ‘ಅಮೇಡಿಯಸ್’ ನಾಟಕದಲ್ಲಿ ಮೊಜಾರ್ಟ್ ಮೇಲೆ ಹೊಟ್ಟೆಕಿಚ್ಚು ಪಡೋ ಸಾಲಿಯೇರಿ. 2015ರಲ್ಲಿ ಸ್ಕರ್ಟು ಹಾಕ್ಕೊಂಡು ಲೇಡಿ ಬ್ರಾಕ್ನೆಲ್, ಆಸ್ಕರ್ ವೈಲ್ಡ್ ನಾಟಕದ ಆ ಜಬರ್ದಸ್ತ್ ಹೆಂಗಸು. ಮುಂದಿನ ಸಾಲಲ್ಲಿ ಕೂತು ‘ತಾಯೀ, ಒಂದೂವರೆ ಪಟ್ಟು’ ಅನ್ನು ನೋಡೋಣ, ಛತ್ರೀಲಿ ಬಾರಿಸ್ತಾಳೆ! 2020ರಲ್ಲಿ ನೈಟ್ ಪದವೀನೂ ಬಂತು.”

“ಅದಕ್ಕೆ ಡಿಎ ಉಂಟಾ?”

ಶ್ಯಾಮಣ್ಣನಿಗೆ ಯಾರೂ ಉತ್ತರ ಕೊಡಲಿಲ್ಲ. ವೆಂಕಟೇಶಿಯ ದನಿ ಸ್ವಲ್ಪ ಇಳಿದಿತ್ತು.

“2012ರಲ್ಲಿ ಯೂಜೀನ್ ಓನೀಲ್ ನಾಟಕದ ಜೇಮ್ಸ್ ಟೈರೋನ್ ಆದ. ಆ ಟೈರೋನೂ ನಟನೇ. ದುಡ್ಡು ತರೋ ಒಂದೇ ಪಾತ್ರಕ್ಕೆ ಜೋತುಬಿದ್ದು, ಶೇಕ್ಸ್‌ಪಿಯರ್ ಆಡಬೇಕಾದೋನು ಹಾಳಾದೆ ಅಂತ ಕೊರಗೋ ಮುದುಕ. ಇಪ್ಪತ್ತು ವರ್ಷ ಮೀರಿ ಒಂದೇ ಮೀಸೆ ಅಂಟಿಸ್ಕೊಂಡೋನು ಅಪೋಲೋ ಥಿಯೇಟರಲ್ಲಿ ದಿನಾ ನಿಂತು ಆ ಮಾತು ಆಡಬೇಕಿತ್ತು ನೋಡು. ಇವನೇನೋ ಹಾಳಾಗಲಿಲ್ಲ. ಆದ್ರೂ ಆ ಮಾತು ಆಡುವಾಗ ಒಳಗೇನು ಹೋಗ್ತಿತ್ತೋ.”

“ಅದು ಯೂಟ್ಯೂಬಲ್ಲಿ ಸಿಗತ್ತಾ?” ಅಂದ ಸೀನ.

“ನಿನಗೆ ಸಿಗದೇ ಇರಲಿ. ಕೊನೇ ಎಪಿಸೋಡು ಹೆಂಗಿತ್ತು?”

“ಅದರಲ್ಲಿ ವೀಲ್‌ಚೇರ್ ಅಲ್ವಾ, ಸ್ಪೀಡು ಅಷ್ಟೇನೂ ಗೊತ್ತಾಗ್ಲಿಲ್ಲ.” ಸೀನ ಕತ್ತು ಕೆರೆದುಕೊಂಡ. “ತುಂಬಾ ಇಳಿದುಹೋಗಿದ್ದ ಕಣೋ.”

“ಪ್ಯಾಡು ಬಿಚ್ಚಿಟ್ಟು, ತೂಕಾನೂ ಇಳಿಸ್ಕೊಂಡಿದ್ದ. ಕೊನೇ ಸರಣಿಯಲ್ಲಿ ಪ್ವಾರೋನ ಸಾವನ್ನೇ ಮೊದಲು ಶೂಟ್ ಮಾಡಿದ್ರು. ಸತ್ತು ಮುಗಿಸಿ, ಮತ್ತೆ ಹೊಟ್ಟೆಗೆ ಪ್ಯಾಡು ಕಟ್ಕೊಂಡು ಉಳಿದ ಕಥೆಗಳಿಗೆ ಬಂದ. ಕಡೇ ಶೂಟಿಂಗು ಡೆವನ್‌ನಲ್ಲಿ, ಕ್ರಿಸ್ಟಿಯ ಮನೆ ಗ್ರೀನ್‌ವೇಲಿ.”

“ನಮ್ಮ ಆಫೀಸಲ್ಲಿ ರಿಟೈರ್ ಆದೋರು ಕಾಂಟ್ರ್ಯಾಕ್ಟ್ ಮೇಲೆ ವಾಪಸ್ ಬರ್ತಾರಲ್ಲ, ಹಂಗೆ,” ಅಂದರು ಶ್ಯಾಮಣ್ಣ, ತುಂಬಾ ಅರ್ಥವಾದವರ ಹಾಗೆ ತಲೆಯಾಡಿಸುತ್ತಾ.

“ಆಯ್ತು ಮಾರಾಯ, ಇನ್ನೊಂದ್ ಸಲ ಮೊದಲಿಂದ ನೋಡ್ತೀನಿ,” ಅಂದ ಸೀನ. “ಒಂದೂಕಾಲು ಪಟ್ಟು ಆಗತ್ತಾ?”

“ಒಂದು.”

“ಜಾಹೀರಾತಾದ್ರೂ ಓಡಿಸ್ಲಾ?”